ಬೇರು ಕಡಿದವರೇ ಕೊಟ್ಟ ಸರ್ಟಿಫಿಕೇಟು

ಎದುರು ಮನೆಯ ಅಡುಗೆಮನೆಯನ್ನು ನಾನು ಮೊದಲ ಸಲ ನೋಡಿದ್ದು ಅದರ ಗೋಡೆ ಬಿದ್ದ ದಿನ. ನಲವತ್ತು ವರ್ಷದ ನೆರೆ ನಮ್ಮದು. ಆ ಜಗುಲಿಯಲ್ಲಿ ಕೂತು ಪೇಪರ್ ಓದಿದ್ದೇನೆ, ರಾಮನವಮಿಗೆ ಪಾನಕ ಕೋಸಂಬರಿ ತಿಂದಿದ್ದೇನೆ, ಕ್ರಿಕೆಟ್ ಚೆಂಡು ಹುಡುಕಿಕೊಂಡು ಹಿತ್ತಲಿಗೂ ನುಗ್ಗಿದ್ದೇನೆ. ಅಡುಗೆಮನೆಗೆ ಮಾತ್ರ ಪ್ರವೇಶ ಇರಲಿಲ್ಲ. ಆ ಮನೆಯ ಅಜ್ಜಿಯ ಮಡಿ ಅಷ್ಟು ಬಿಗಿ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ಗುರುವಾರ ಬೆಳಿಗ್ಗೆ ಜೆಸಿಬಿಯ ಹಲ್ಲು ಪಕ್ಕದ ಗೋಡೆಗೆ ತಾಗಿತು. ಗಾರೆಯ ಗೋಡೆ ಸುಲಭಕ್ಕೆ ಬೀಳಲಿಲ್ಲ. ಮೂರು ಸಲ ಗುದ್ದಿಸಿಕೊಂಡು, ನಾಲ್ಕನೆಯ ಸಲಕ್ಕೆ ಒಟ್ಟಿಗೇ ಕೂತಿತು. ಧೂಳು ಇಳಿದಾಗ ಬೀದಿಗೆಲ್ಲ ಕಾಣುವ ಹಾಗೆ ಅಡುಗೆಮನೆ ನಿಂತಿತ್ತು: ಹೊಗೆ ಹಿಡಿದ ಗೂಡು, ನೆಲದಲ್ಲಿ ಹೂತ ಒರಳುಕಲ್ಲು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ, ಕನ್ನಡಿಯ ಹಾಗೆ ಹೊಳೆಯುವ ಕೆಂಪು ನೆಲ. ಆ ಹೊಳಪು ಯಾವ ಪಾಲಿಶಿನದೂ ಅಲ್ಲ. ಅರವತ್ತು ಎಪ್ಪತ್ತು ವರ್ಷ ಒದ್ದೆ ಬಟ್ಟೆ ಹಿಡಿದು ಮಂಡಿಯೂರಿ ಒರೆಸಿದ ಹೆಂಗಸರ ಕೈಯದು.

ಜೆಸಿಬಿ ಓಡಿಸುತ್ತಿದ್ದ ಹುಡುಗನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಒರಳುಕಲ್ಲು ಏನು ಮಾಡ್ತೀರಪ್ಪ ಎಂದು ಕೇಳಿದೆ. "ಬೇಕಾದ್ರೆ ತಗೊಂಡೋಗಿ ಸಾ, ಇಲ್ದಿದ್ರೆ ಬಾವಿಗೆ ಬುಡ್ತೀವಿ" ಅಂದ. ಬಾವಿಗೆ! ಹಿತ್ತಲಲ್ಲಿ ಕಲ್ಲು ಕಟ್ಟಿದ ಮೂವತ್ತಡಿ ಬಾವಿ ಇತ್ತು. ಬಿರುಬೇಸಿಗೆಯಲ್ಲೂ ಬಗ್ಗಿ ನೋಡಿದರೆ ಮುಖ ಕಾಣುವಷ್ಟು ನೀರು. ಮಧ್ಯಾಹ್ನ ಎರಡು ಗಂಟೆಯೊಳಗೆ ಆ ಬಾವಿ ತುಂಬಿತು. ಅಡುಗೆಮನೆಯ ಗೋಡೆ, ಬಚ್ಚಲಿನ ಒಲೆ, ತುಳಸಿಕಟ್ಟೆ, ಒಡೆದ ಹೆಂಚು ಎಲ್ಲವನ್ನೂ ಅದು ನುಂಗಿತು. ಕಸ ಸಾಗಿಸುವ ಲಾರಿ ಬಾಡಿಗೆ ಉಳಿಯಿತಲ್ಲ, ಕಂಟ್ರಾಕ್ಟರಿಗೆ ಅದೇ ಲಾಭ. ಎರಡು ತಿಂಗಳಾದ ಮೇಲೆ ಅದೇ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತಿತು. ಇಡೀ ರಾತ್ರಿ ಕೊರೆದರು. ನಮ್ಮ ಮನೆಯ ಪಾತ್ರೆಗಳೆಲ್ಲ ಬೆಳಗಿನವರೆಗೆ ನಡುಗಿದವು.

ಇದನ್ನು ದುರಾಸೆ ಅನ್ನಬೇಕೋ? ದುರಾಸೆಯವನಿಗೆ ಕನಿಷ್ಠ ಲೆಕ್ಕವಾದರೂ ಗೊತ್ತಿರುತ್ತದೆ. ನೀರಿರುವ ಬಾವಿಗೆ ಮಣ್ಣು ಹಾಕಿ, ನೀರಿಗಾಗಿ ಲಕ್ಷಗಟ್ಟಲೆ ಸುರಿದು ಬಂಡೆ ಕೊರೆಸುವವನು ಲೆಕ್ಕ ಗೊತ್ತಿಲ್ಲದವನು. ನನ್ನ ಹೊಟ್ಟೆ ಉರಿಸುವುದು ಈ ಅಸಡ್ಡೆ. ದ್ವೇಷ ಇದ್ದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಇಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಏನು ಒಡೆಯುತ್ತಿದ್ದೇವೆ ಎಂದು ಒಂದು ಗಳಿಗೆ ಕಣ್ಣೆತ್ತಿ ನೋಡುವವರಿಲ್ಲ, ಅಷ್ಟೇ.

ನಮ್ಮದು ಮೈಸೂರಿನ ಒಂಟಿಕೊಪ್ಪಲು. ದಾಖಲೆಯಲ್ಲಿ ವಾಣಿವಿಲಾಸ ಮೊಹಲ್ಲಾ, ಬಾಯಲ್ಲಿ ವಿ.ವಿ. ಮೊಹಲ್ಲಾ. ಕೊಪ್ಪಲು ಅಂದರೆ ಊರಾಚೆಯ ನಾಲ್ಕು ಮನೆಗಳ ಹಟ್ಟಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಬಂದು ಕೋಟೆ ಸುತ್ತಲಿನ ಇಕ್ಕಟ್ಟು ಬೀದಿಗಳಲ್ಲಿ ಹೆಣಗಳ ಸಾಲು ಬಿದ್ದಾಗ, ಊರು ಹೊರಕ್ಕೆ ಕಾಲು ಚಾಚಿತು. 1903ರಲ್ಲಿ ಮೈಸೂರು ನಗರಕ್ಕೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲೇ ಮೊದಲಿಗರಲ್ಲಿ ನಾವೂ ಒಬ್ಬರು ಎಂದು ಇವತ್ತಿಗೂ ಭಾಷಣದಲ್ಲಿ ಹೇಳುತ್ತಾರೆ. ಆ ಬೋರ್ಡಿನವರು ಮಾಡಿದ್ದು ದೊಡ್ಡ ತತ್ತ್ವಜ್ಞಾನವೇನಲ್ಲ: ರಸ್ತೆ ಅಗಲ ಇರಲಿ, ಮನೆಗೂ ಮನೆಗೂ ನಡುವೆ ಗಾಳಿ ಆಡಲಿ, ಚರಂಡಿ ಇಳಿಜಾರು ನೋಡಿಕೊಂಡು ಹೋಗಲಿ, ಸಾಲುಮರ ಇರಲಿ. ಸಾವು ಕಲಿಸಿದ ಪಾಠ ಅದು. ಗಾಳಿ ಬೆಳಕಿಗೆ ಬಿಟ್ಟ ಆ ಜಾಗವನ್ನೇ ಇವತ್ತಿನ ಭಾಷೆಯಲ್ಲಿ "ವೇಸ್ಟ್ ಆಗಿರೋ ಜಾಗ" ಅನ್ನುತ್ತಾರೆ.

ಇಲ್ಲಿ ಮನೆ ಕಟ್ಟಿದವರು ಶ್ರೀಮಂತರಲ್ಲ. ಮೇಷ್ಟ್ರು, ಗುಮಾಸ್ತ, ರೈಲ್ವೆ ವರ್ಕ್‌ಷಾಪಿನವರು, ಕಾಲೇಜಿನ ಲೆಕ್ಚರರು. ಮದುವೆಗೆ ಬಂದ ಮಗಳು, ಓದುತ್ತಿರುವ ತಮ್ಮ, ಊರಲ್ಲಿ ಸಾಲ. ಇದರ ನಡುವೆ ಸೈಟು ಕೊಂಡು ಹತ್ತು ವರ್ಷ ಬೇಲಿ ಹಾಕಿ ಇಟ್ಟು, ರಿಟೈರಾಗುವ ಹೊತ್ತಿಗೆ ಗ್ರಾಚ್ಯುಟಿ ಬಂದ ಮೇಲೆ ಪಾಯ ತೋಡಿಸಿದವರು. ನನ್ನ ತಾತ ಗೃಹಪ್ರವೇಶ ಮಾಡಿದಾಗ ಕಿಟಕಿಗೆ ಬಾಗಿಲೇ ಇರಲಿಲ್ಲವಂತೆ. ಗೋಣಿತಾಟು ಕಟ್ಟಿ ಒಂದು ಮಳೆಗಾಲ ಕಳೆದರು. ಆದರೆ ಗೇಟಿನ ಕಂಬದಲ್ಲಿ ಮನೆಯ ಹೆಸರನ್ನು ಮಾತ್ರ ಮೊದಲ ದಿನವೇ ಕೆತ್ತಿಸಿದ್ದರು. ಒಂಟಿಕೊಪ್ಪಲಿನವರಿಗೆ ಹೆಸರಿನ ಹುಚ್ಚು ಇದ್ದೇ ಇತ್ತು. ನಮ್ಮ ಸುತ್ತಲ ರಸ್ತೆಗಳನ್ನು ನೋಡಿ: ಕಾಳಿದಾಸ ರಸ್ತೆ, ವಾಲ್ಮೀಕಿ ರಸ್ತೆ, ಆದಿಪಂಪ ರಸ್ತೆ. ತರಕಾರಿ ತರಲು ಹೋದವನು ಸಂಸ್ಕೃತ ಕನ್ನಡ ಕಾವ್ಯಚರಿತ್ರೆಯನ್ನು ದಾಟಿಕೊಂಡು ಬರುತ್ತಾನೆ. ಕರ್ನಾಟಕದ ಎಷ್ಟೋ ಮನೆಗಳ ಗೋಡೆಯ ಮೊಳೆಗೆ ತೂಗುವ ಪಂಚಾಂಗಕ್ಕೂ ನಮ್ಮ ಬಡಾವಣೆಯದೇ ಹೆಸರು.

ಇಂಥ ಕಡೆಯೇ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಕೇಂದ್ರ ಶುರುಮಾಡಿದರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟರು. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಸರ್ಕಾರದ ಯೋಜನೆಯಲ್ಲಿ ಅಲ್ಲ, ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಹೆಸರು ಅದು. ಕುವೆಂಪು ಅವರ ಮನೆ 'ಉದಯರವಿ' ಇರುವುದೂ ಇಲ್ಲೇ. ಸಂಜೆಯಾದರೆ ಕುಕ್ಕರಹಳ್ಳಿ ಕೆರೆಯ ಕಡೆ ಅವರು ನಡೆದು ಹೋಗುತ್ತಿದ್ದುದನ್ನು ಕಂಡ ಹಿರಿಯರು ನಮ್ಮ ಬೀದಿಯಲ್ಲಿದ್ದರು. ಅವರಲ್ಲೊಬ್ಬರು ಹೇಳುತ್ತಿದ್ದರು, ಆ ಹೊತ್ತಿನಲ್ಲಿ ಮಾತಾಡಿಸಬಾರದು ಅನ್ನುವುದು ಹುಡುಗರಿಗೂ ಗೊತ್ತಿತ್ತು ಅಂತ. ಒಂದು ಬಡಾವಣೆಯ ಗುಣ ಅಂದರೆ ಇಂಥದ್ದು. ಯಾವ ಸರ್ವೆ ನಂಬರಿನಲ್ಲೂ ದಾಖಲಾಗದ್ದು.

ಹಾಗೆಂದು ಎಲ್ಲ ಬಂಗಾರದ ಕಾಲ ಎಂದು ನಾನು ಹಾಡುವುದಿಲ್ಲ. ಬಾಡಿಗೆ ಮನೆ ಕೇಳಿಕೊಂಡು ಬಂದವರನ್ನು "ನಿಮ್ಮದು ಯಾವ ಪೈಕಿ?" ಎಂದು ಗೇಟಿನಲ್ಲೇ ನಿಲ್ಲಿಸಿ ಕೇಳಿದ ಬೀದಿ ಇದು. ನಮ್ಮ ಸೈಟುಗಳೆಲ್ಲ ಒಂದು ಕಾಲದಲ್ಲಿ ಕೊಪ್ಪಲುಗಳ ಒಕ್ಕಲು ಮಕ್ಕಳು ರಾಗಿ ಬೆಳೆದ ಹೊಲ. ಅವರ ಮೊಮ್ಮಕ್ಕಳು ಇದೇ ರಸ್ತೆಯಲ್ಲಿ ಹಾಲು ಹಾಕುತ್ತಿದ್ದರು. ಎದುರು ಮನೆಯ ಅಡುಗೆಮನೆಯೊಳಗೆ ನನ್ನನ್ನೇ ಬಿಡಲಿಲ್ಲ ಅಂದ ಮೇಲೆ, ಹಾಲಿನವನನ್ನು ಎಲ್ಲಿವರೆಗೆ ಬಿಟ್ಟಿರಬಹುದು, ನೀವೇ ಊಹಿಸಿ. ಹೊಸ ಕಟ್ಟಡ ಬಂದರೆ ಈ ಕೊಳೆಯಾದರೂ ತೊಳೆದು ಹೋದೀತು ಎಂದು ವಾದಿಸುವವರಿದ್ದಾರೆ. ತೊಳೆದು ಹೋಯಿತೇ? ಹೊಸ ಅಪಾರ್ಟ್‌ಮೆಂಟಿನವರು ಮನೆಗೆಲಸದವರಿಗೆ ಬೇರೆ ಲಿಫ್ಟ್ ಇಟ್ಟಿದ್ದಾರೆ. ಮಡಿ ಹೋಗಲಿಲ್ಲ ಸ್ವಾಮಿ, ಕರೆಂಟಿನ ಮೇಲೆ ಓಡುತ್ತಿದೆ. ಹೋದದ್ದು ಬಾವಿ ಮಾತ್ರ.

ಈಗ ಮರದ ಮಾತಿಗೆ ಬರುತ್ತೇನೆ, ಯಾಕೆಂದರೆ ಕೊಲೆ ನಡೆಯುವ ಕ್ರಮವನ್ನು ನಾನು ನನ್ನ ಗೇಟಿನಲ್ಲೇ ನಿಂತು ಐದು ವರ್ಷ ನೋಡಿದ್ದೇನೆ. ನಮ್ಮ ಮನೆ ಮುಂದೆ ಒಂದು ಗುಲ್‌ಮೊಹರ್ ಇತ್ತು. ಮೇ ತಿಂಗಳಲ್ಲಿ ರಸ್ತೆಗೆ ಕೆಂಪು ಹಾಸುತ್ತಿತ್ತು, ಜೂನ್‌ನಲ್ಲಿ ಮಕ್ಕಳು ಅದರ ಮೊಗ್ಗು ಬಿಡಿಸಿ ಕೇಸರಗಳಿಂದ ಕೋಳಿಜಗಳ ಆಡುತ್ತಿದ್ದರು. ಮೊದಲು ಬಂದದ್ದು ಚರಂಡಿ. ಕಾಂಕ್ರೀಟ್ ಬಾಕ್ಸ್ ಚರಂಡಿ ಮಾಡಲು ಮನೆ ಕಡೆಯ ಬೇರುಗಳನ್ನು ಜೆಸಿಬಿ ಸೀಳಿ ತೆಗೆಯಿತು; ತೊಡೆ ಗಾತ್ರದ ಬೇರುಗಳು ಬೀದಿಯಲ್ಲಿ ಬಿದ್ದಿದ್ದವು. ಆಮೇಲೆ ಕೇಬಲ್ಲಿನವರು ಬಂದು ರಸ್ತೆ ಕಡೆಯಿಂದ ಅಗೆದರು. ಅವರು ಮುಚ್ಚಿ ಹೋದ ಮೂರು ತಿಂಗಳಿಗೆ ಗ್ಯಾಸ್ ಪೈಪಿನವರು. ಆಮೇಲೆ ಫುಟ್‌ಪಾತ್ 'ಅಭಿವೃದ್ಧಿ': ಬುಡಕ್ಕೆ ಒಂದು ಬೆರಳೂ ಜಾಗ ಬಿಡದೆ ಸಿಮೆಂಟ್ ಸುರಿದು ಇಂಟರ್‌ಲಾಕ್ ಟೈಲ್ಸ್ ಜೋಡಿಸಿದರು. ಮರದ ಬೇರಿಗೂ ಉಸಿರಾಟ ಬೇಕು, ಮಳೆನೀರು ಇಳಿಯಬೇಕು ಅನ್ನುವುದು ಪ್ರೈಮರಿ ಶಾಲೆಯ ಪಾಠ. ಕೊನೆಗೆ ಕರೆಂಟಿನವರು ತಂತಿಗೆ ತಾಗುತ್ತದೆ ಅಂತ ಒಂದು ಮಗ್ಗುಲಿನ ಕೊಂಬೆಗಳನ್ನೆಲ್ಲ ಸವರಿದರು. ಮರ ಒಂದೇ ಕಡೆಗೆ ವಾಲಿ ನಿಂತಿತು. ಕೆಳಗೆ ಹಿಡಿತವಿಲ್ಲ, ಮೇಲೆ ಸಮತೂಕವಿಲ್ಲ.

ಏಪ್ರಿಲ್ ಕೊನೆಯ ಮಳೆಗಾಳಿಗೆ ಪಕ್ಕದ ಬೀದಿಯಲ್ಲಿ ಹೀಗೇ ಸೊರಗಿದ್ದ ಒಂದು ಮರ ಕಾರಿನ ಮೇಲೆ ಬಿತ್ತು. ಮಾರನೆಯ ದಿನವೇ ಪಟ್ಟಿ ತಯಾರಾಯಿತು: 'ಅಪಾಯಕಾರಿ ಮರಗಳು'. ನಮ್ಮ ಗುಲ್‌ಮೊಹರ್‌ಗೂ ಬಿಳಿ ಬಣ್ಣದಲ್ಲಿ ನಂಬರು ಬಿತ್ತು. ನಂಬರು ಹಾಕಿಸಿದ ಅಧಿಕಾರಿಯನ್ನು ನಾನು ಕೇಳಿದೆ, ಅಪಾಯಕಾರಿ ಅಂತ ಹೇಗೆ ತೀರ್ಮಾನ ಮಾಡಿದಿರಿ ಅಂತ. "ಬೇರು ವೀಕ್ ಆಗಿದೆ ಸರ್" ಅಂದರು. ಬೇರು ತಾನಾಗಿ ವೀಕ್ ಆಯಿತೇ, ನೀವೇ ಕಡಿದಿರೇ? "ಅದು ಬೇರೆ ಡಿಪಾರ್ಟ್‌ಮೆಂಟ್ ಸರ್." ಇದಕ್ಕಿಂತ ಪರಿಪೂರ್ಣವಾದ ಕೊಲೆ ಇದೆಯೇ? ಒಬ್ಬ ಕಾಲು ಮುರಿದ, ಇನ್ನೊಬ್ಬ ಕೈ ಮುರಿದ, ಮೂರನೆಯವನು ಬಂದು ಇವನು ನಿಲ್ಲಲಾರ ಎಂದು ಸರ್ಟಿಫಿಕೇಟು ಕೊಟ್ಟ, ನಾಲ್ಕನೆಯವನು ಸೌದೆ ಹರಾಜು ಹಾಕಿದ. ಫೈಲಿನಲ್ಲಿ ಹುಡುಕಿದರೆ ಅಪರಾಧಿ ಮರವೊಂದೇ.

ದೆಹಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು 2013ರಲ್ಲೇ ಆದೇಶ ಮಾಡಿತು. ನಮ್ಮಲ್ಲಿ ಮರ ಸಂರಕ್ಷಣಾ ಕಾಯಿದೆ 1976ರಿಂದ ಇದೆ. ಕೊಡಲಿ ಎತ್ತಿದವನಿಗೆ ಅದು ಅನುಮತಿ ಎಲ್ಲಿ ಎಂದು ಕೇಳುತ್ತದೆ. ಗುದ್ದಲಿ ಹಿಡಿದು ಬೇರು ಕತ್ತರಿಸುವವನನ್ನು ನಮ್ಮ ಬೀದಿಯಲ್ಲಿ ಯಾವ ಕಾಯಿದೆಯೂ ತಡೆದದ್ದನ್ನು ನಾನು ನೋಡಿಲ್ಲ. ರಸ್ತೆ ಇತ್ಯಾದಿ ಸಾರ್ವಜನಿಕ ಕೆಲಸಕ್ಕೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎಂದೂ ಅದರಲ್ಲಿದೆ. 2025ರ ಏಪ್ರಿಲ್‌ನಲ್ಲಿ ಇದೇ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು ನಲವತ್ತು ಮರಗಳು ರಾತ್ರೋರಾತ್ರಿ ಉರುಳಿದವು. ಐವತ್ತಲ್ಲ, ನಲವತ್ತು. ಲೆಕ್ಕ ಸರಿಯಾಗಿದೆ. ನಾನು ಮಾರನೆಯ ದಿನ ಹೋಗಿ ನೋಡಿದೆ. ಕೊಯ್ದ ಬುಡಗಳು ತಟ್ಟೆ ಜೋಡಿಸಿಟ್ಟ ಹಾಗೆ ಸಾಲಾಗಿದ್ದವು, ರಸ ಇನ್ನೂ ಒಸರುತ್ತಿತ್ತು. ಆಮೇಲೆ ಜನ ಮೇಣದಬತ್ತಿ ಹಿಡಿದು ನಿಂತರು, ಪತ್ರಿಕೆಗಳು ಬರೆದವು. ಸಂತೋಷ. ಆದರೆ ಹಗಲಿನಲ್ಲಿ ಮಾಡಲು ನಾಚಿಕೆಯಾಗುವ ಕೆಲಸವನ್ನು ಯಾಕೆ ಮಾಡಬೇಕು? ರಾತ್ರಿ ಬಂದವರಿಗೆ ತಾವು ಮಾಡುತ್ತಿರುವುದು ಏನು ಅಂತ ಗೊತ್ತಿತ್ತು ಅನ್ನುವುದೇ ಇಲ್ಲಿ ಸಿಗುವ ಸಮಾಧಾನ. ನಮ್ಮ ಬೀದಿಗೆ ಬಂದವರಿಗೆ ಅದೂ ಗೊತ್ತಿರಲಿಲ್ಲ.

ಮನೆಗಳ ಕಥೆಗೆ ಕಾಯಿದೆಯ ಆಸರೆ ಇನ್ನೂ ಕಡಿಮೆ. ಮೈಸೂರಿನಲ್ಲಿ ಪರಂಪರೆ ಅಂದರೆ ಅರಮನೆ, ಗೋಪುರ, ಗಡಿಯಾರ. ಅವನ್ನಾದರೂ ಕಾಪಾಡಿದೆವೇ? ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜನ ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಕಡೆ 2016ರಲ್ಲಿ ಬಿತ್ತು. ಆಮೇಲಿನ ಚರ್ಚೆಯೆಲ್ಲ ಕೆಡವುವುದೋ ಬಿಡುವುದೋ ಅನ್ನುವುದರ ಸುತ್ತಲೇ. ವರ್ಷ ವರ್ಷ ಸೋರುವ ಸೂರಿಗೆ ಒಂದು ಹೆಂಚು ಹೊದಿಸದವರು ಬಿದ್ದ ಮೇಲೆ 'ಶಿಥಿಲ' ಅನ್ನುತ್ತಾರೆ. ಮರಕ್ಕೆ ಕೊಟ್ಟ ಸರ್ಟಿಫಿಕೇಟೇ ಕಟ್ಟಡಕ್ಕೂ. ಇನ್ನು ಮೇಷ್ಟ್ರ ಮನೆಯನ್ನು, ಗುಮಾಸ್ತರ ಜಗುಲಿಯನ್ನು ಯಾರು ಕೇಳುತ್ತಾರೆ?

ಕೇಳಿದ್ದು ಒಂದೇ ಸಲ. ನಮ್ಮ ಪಕ್ಕದ ಯಾದವಗಿರಿಯಲ್ಲಿ, ವಿವೇಕಾನಂದ ರಸ್ತೆಯಲ್ಲಿ, ಆರ್.ಕೆ. ನಾರಾಯಣ್ 1950ರ ದಶಕದ ಮೊದಲಲ್ಲಿ ಕಟ್ಟಿಸಿದ ಬಿಳಿ ಮನೆ ಇದೆ. ಮಹಡಿಯ ಮೇಲೆ ಅರ್ಧವೃತ್ತಾಕಾರದ ಕೋಣೆ, ಸುತ್ತ ಕಿಟಕಿ. ಅಲ್ಲಿ ಕೂತು ಬರೆಯುತ್ತಿದ್ದರು. ಅವರು ಮೈಸೂರು ಬಿಟ್ಟು, ತೀರಿಕೊಂಡು, ಹತ್ತು ವರ್ಷವಾದ ಮೇಲೆ 2011ರಲ್ಲಿ ಆ ಮನೆಯನ್ನು ಒಡೆಯಲು ಶುರುಮಾಡಿದರು. ಪತ್ರಿಕೆಗಳು ಕೂಗಿದ್ದರಿಂದ ಕೆಲಸ ನಿಂತಿತು. ಆಗಲೇ ಬಾಗಿಲು ಕಿಟಕಿಗಳು ಕಿತ್ತು ಹೋಗಿದ್ದವು. ಅದನ್ನು ಸ್ಮಾರಕ ಮಾಡುವ ಮಾತು ಬಂದಾಗ, ಇಂಗ್ಲಿಷಿನಲ್ಲಿ ಬರೆದವನಿಗೆ ಕನ್ನಡಿಗರ ದುಡ್ಡಲ್ಲಿ ಸ್ಮಾರಕ ಯಾಕೆ ಎಂದು ಕನ್ನಡದ ಕೆಲವು ಲೇಖಕರೂ ಆಕ್ಷೇಪ ತೆಗೆದರು. ಆ ಪ್ರಶ್ನೆಗೆ ನನ್ನ ಉತ್ತರ ಸರಳ: ಅವರ ಕಾದಂಬರಿಗಳ ಮಾಲ್ಗುಡಿಗೆ ಗಾಳಿ ಬೆಳಕು ಕೊಟ್ಟದ್ದು ನಮ್ಮ ಬೀದಿ, ಹಾಗಾಗಿ ಆ ಮನೆ ನಮ್ಮದು. ಅಂತೂ ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಒಳ್ಳೆಯದೇ. ಆದರೆ ಆ ಕಿಟಕಿಗಳ ಮುಂದೆ ನಿಂತು ಹೊರಗೆ ನೋಡಿ. ಬರೆಯುವಾಗ ಅವರು ಕಣ್ಣೆತ್ತಿದರೆ ಕಾಣುತ್ತಿದ್ದ ಬೀದಿ ಎಲ್ಲಿದೆ? ಲೇಖಕನ ಕನ್ನಡಕ, ಕೋಟು ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿವೆ. ಆ ಕನ್ನಡಕದಿಂದ ನೋಡಿದ್ದನ್ನೆಲ್ಲ ಒಡೆದಾಯಿತು. ಹೆಸರಾದವರ ಮನೆಯೊಂದನ್ನು ಉಳಿಸಿ, ಅವರು ಉಪ್ಪಿನಕಾಯಿ ಸಾಲ ಕೇಳುತ್ತಿದ್ದ ಪಕ್ಕದ ನಾಲ್ಕು ಮನೆಗಳನ್ನು ಕೆಡವುವುದು ಎಂಥ ಸಂರಕ್ಷಣೆ?

ಬಿಲ್ಡರ್‌ಗಳನ್ನು ಬಯ್ಯುವುದು ಸುಲಭ. ಎದುರು ಮನೆಯನ್ನು ಬಿಲ್ಡರ್ ಕದ್ದುಕೊಂಡು ಹೋಗಲಿಲ್ಲ. ಒಬ್ಬ ಮಗ ನ್ಯೂಜೆರ್ಸಿ, ಒಬ್ಬ ಬೆಂಗಳೂರಿನ ಸರ್ಜಾಪುರ ರಸ್ತೆ, ಮಗಳು ಪುಣೆ. ಮೂರು ಪಾಲಾಗಬೇಕು, ಗೋಡೆಯನ್ನು ಪಾಲು ಮಾಡಲಾಗುವುದಿಲ್ಲ, ಚದರಡಿಯನ್ನು ಮಾಡಬಹುದು. ಅವರಿಗೂ ಕಷ್ಟಗಳಿವೆ, ಒಪ್ಪುತ್ತೇನೆ. ಆದರೆ ಕೆಡವುವ ಮುಂಚೆ ಒಂದು ದಿನ ಬಂದು ನಿಂತು ನೋಡಲಿಲ್ಲವಲ್ಲ! ಸಹಿ ಕೊರಿಯರ್‌ನಲ್ಲಿ ಬಂತು. ತೇಗದ ಬಾಗಿಲುಗಳನ್ನು ಹಳೆ ಸಾಮಾನಿನವನು ಟೆಂಪೋದಲ್ಲಿ ಒಯ್ದ; ಅವು ಈಗ ಯಾವುದೋ ರೆಸಾರ್ಟಿನಲ್ಲಿ 'ಆಂಟಿಕ್' ಆಗಿ ನಿಂತಿರುತ್ತವೆ. ಮಗ ವಾಟ್ಸಾಪಿನಲ್ಲಿ ಅಜ್ಜಿಯ ಮನೆಯ ಹಳೆ ಫೋಟೋ ಹಾಕಿ 'ಮಿಸ್ಸಿಂಗ್' ಎಂದು ಬರೆದ. ಮಿಸ್ಸಿಂಗ್ ಅಲ್ಲಪ್ಪ, ಮಾರಿದ್ದು. ಹೊಸ ಕಟ್ಟಡಕ್ಕೆ ಇಟ್ಟ ಹೆಸರು 'ಪಾರಿಜಾತ'. ಹಿತ್ತಲಲ್ಲಿದ್ದ ಪಾರಿಜಾತದ ಗಿಡ ಬಾವಿಯೊಳಗಿದೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಿಟ್ಟಿಗೆ ಅರ್ಥವಿಲ್ಲ. ಗುಲ್‌ಮೊಹರ್ ಹೋಗುವುದಕ್ಕೆ ಆರು ವರ್ಷ ಮುಂಚೆ ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಕೊಟ್ಟಿದ್ದೆವು: ಎಲೆ ಉದುರಿ ನೀರಿನ ಸಂಪಿನೊಳಗೆ ಬೀಳುತ್ತದೆ, ಹಕ್ಕಿ ಹಿಕ್ಕೆಯಿಂದ ಕಾರು ಹಾಳಾಗುತ್ತದೆ, ರೆಂಬೆ ಕತ್ತರಿಸಿಕೊಡಿ ಅಂತ. ಅದರಲ್ಲಿ ಏಳನೆಯ ಸಹಿ ನನ್ನದು. ಓದದೆ ಹಾಕಿದ್ದೆ; ಕೈಯಲ್ಲಿ ಕಾಫಿ ಲೋಟ ಇತ್ತು. ಮರ ಕಡಿಯುವ ದಿನ ನಾನು ಅಡ್ಡ ನಿಂತಾಗ ಆ ಅಧಿಕಾರಿ ಫೈಲಿನಿಂದ ಅದೇ ಹಾಳೆ ತೆಗೆದು ತೋರಿಸಿದರು. "ಪಬ್ಲಿಕ್ಕೇ ಕೇಳಿದ್ದಾರಲ್ಲ ಸರ್." ನನ್ನ ಸಹಿ ನೀಲಿ ಇಂಕಿನಲ್ಲಿ ದುಂಡಾಗಿತ್ತು. ಗೇಟು ಬಿಟ್ಟು ಪಕ್ಕಕ್ಕೆ ಸರಿದೆ. ಗರಗಸ ಮೂರು ಗಂಟೆ ಕೂಗಿತು.

ಈಗ ನಮ್ಮ ಬೀದಿಯಲ್ಲಿ ಉಳಿದಿರುವುದು ಒಂದು ಹೊಂಗೆ, ಎರಡು ಆಕಾಶಮಲ್ಲಿಗೆ. ಹೊಂಗೆಯ ಮೇಲೆ 'ಟೂ ಬಿಎಚ್‌ಕೆ, ತ್ರೀ ಬಿಎಚ್‌ಕೆ' ಬೋರ್ಡು, ನಾಲ್ಕು ಇಂಚಿನ ಮೊಳೆಗಳಲ್ಲಿ. ನಾನು ಕೇಳುವುದು ಕ್ರಾಂತಿಯನ್ನಲ್ಲ. ಬಾವಿಗೆ ಕಸ ತುಂಬಿದವನಿಗೆ ಬೋರ್‌ವೆಲ್ ಅನುಮತಿ ಕೊಡಬೇಡಿ. ಬೇರು ಕಡಿಯುವ ಮುಂಚೆ ಮರದವರು, ಚರಂಡಿಯವರು, ಕೇಬಲ್ಲಿನವರು ಒಂದು ಸಲ ಒಂದೇ ಕಡೆ ನಿಂತು ಮಾತಾಡಿ. ಟೀ ನಾನೇ ಕೊಡುತ್ತೇನೆ. ಕಡಿಯಲೇಬೇಕಾದರೆ ಹದಿನೈದು ದಿನ ಮುಂಚೆ ಆ ಮರಕ್ಕೇ ಕನ್ನಡದಲ್ಲಿ ಚೀಟಿ ಅಂಟಿಸಿ: ಯಾಕೆ, ಯಾವತ್ತು, ಯಾರ ಸಹಿ. ಹಗಲಲ್ಲಿ ಬನ್ನಿ.

ಹೋದ ವಾರ ಅರ್ಜಿ ಬರೆದು ಬರೆದು ಸಾಕಾಗಿ, ಭಾನುವಾರ ಬೆಳಿಗ್ಗೆ ಹಾರೆ ತಂದು ಹೊಂಗೆಯ ಬುಡದ ಟೈಲ್ಸ್ ಕಿತ್ತೆ. ಕೆಳಗಿನ ಸಿಮೆಂಟು ಒಡೆಯಲು ಮಧ್ಯಾಹ್ನವಾಯಿತು. ಮಣ್ಣು ಹುರಿದ ಹಿಟ್ಟಿನ ಹಾಗೆ ಒಣಗಿತ್ತು. ನಾಲ್ಕು ಕೊಡ ನೀರು ಹುಯ್ದರೆ ಗುಳು ಗುಳು ಸದ್ದು ಮಾಡುತ್ತ ಕುಡಿಯಿತು. ಬೋರ್ಡಿನ ಮೊಳೆಗಳನ್ನೂ ತೆಗೆದೆ. 'ಪಾರಿಜಾತ'ದ ಮೂರನೆಯ ಮಹಡಿಯಿಂದ ಯಾರೋ ಫೋಟೋ ಹೊಡೆದು ದೂರು ಕೊಟ್ಟಿದ್ದಾರಂತೆ: ಸಾರ್ವಜನಿಕ ಆಸ್ತಿಗೆ ಹಾನಿ. ನೋಟಿಸು ಬರುತ್ತದೆ ಎಂದು ವಾರ್ಡಿನ ಹುಡುಗ ಬಂದು ಕಿವಿಯಲ್ಲಿ ಹೇಳಿ ಹೋದ. ಬರಲಿ. ಕಿತ್ತದ್ದು ಇಪ್ಪತ್ತೆರಡು ಟೈಲ್ಸು, ಒಂದೂ ಒಡೆದಿಲ್ಲ. ಗೇಟಿನ ಒಳಗೆ, ಎದುರು ಮನೆಯಿಂದ ತಂದ ಒರಳುಕಲ್ಲಿನ ಪಕ್ಕ, ಜೋಡಿಸಿಟ್ಟಿದ್ದೇನೆ. ಬಂದವರು ಎಣಿಸಿಕೊಳ್ಳಬಹುದು.